ದೋಣಿ ವಿಮಾನದ ತಳ

ದೋಣಿ ವಿಮಾನದಂಥ ಎಡಬಿಡಂಗಿ ವಸ್ತುವನ್ನು ನಾನು ಇನ್ನೊಂದು ನೋಡಿಲ್ಲ. ನೀರಿಗೆ ಬಿಟ್ಟರೆ ದೋಣಿಯಷ್ಟು ನೆಟ್ಟಗೆ ತೇಲೋದಿಲ್ಲ, ಮೇಲಕ್ಕೆ ಬಿಟ್ಟರೆ ವಿಮಾನದಷ್ಟು ಜೋರಾಗಿ ಹಾರೋದಿಲ್ಲ. ನೆಲದ ಮೇಲೆ ತಂದು ನಿಲ್ಲಿಸಿದರೆ ಹೊಟ್ಟೆ ಜೋತುಬಿದ್ದ ಎಮ್ಮೆ. ಅಂಥದ್ದನ್ನು ನೆನೆಸಿಕೊಂಡು ಡೆಟ್ರಾಯಿಟ್ ಕಡೆಯ ಮುದುಕರು ಕರ್ಚೀಫು ತೆಗೆದು ಮೂಗು ಒರೆಸಿಕೊಳ್ಳೋದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಆ ಮುದುಕರ ಮಧ್ಯೆ ನಮ್ಮ ಯಜಮಾನರೂ ಒಬ್ಬರು ಕೂತಿದ್ದರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬಣ್ಣ ಕಟ್ಟಿ ಬರೆಯೋಕೆ ಬರೋದಿಲ್ಲ. ಬಂದಿದ್ದರೂ ಈ ವಿಷಯಕ್ಕೆ ಬಣ್ಣ ಕಟ್ಟುತ್ತಿರಲಿಲ್ಲ. ಕಟ್ಟುವಷ್ಟು ನಮ್ಮ ಯಜಮಾನರೇ ಕಟ್ಟಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಮಗಳು ಅಮೆರಿಕದಲ್ಲಿ, ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್‌ನಲ್ಲಿ ಮನೆ ಮಾಡಿಕೊಂಡಿದ್ದಳು. ಅವಳು ಡಾಕ್ಟರು, ಅಳಿಯಂದಿರು ಕಾರ್ ಕಂಪನಿಯಲ್ಲಿ ಎಂಜಿನಿಯರು. ನಾಲ್ಕು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳೋಕೆ ಅಂತ ನಮ್ಮಿಬ್ಬರನ್ನೂ ಬೆಂಗಳೂರಿಂದ ಕರೆಸಿಕೊಂಡಿದ್ದರು. ಅಳಿಯಂದಿರದ್ದು ಮೈಸೂರಿನ ಓದಿದ ಮನೆತನ. ಅವರ ತಂದೆ ಕಾಲೇಜಿನಲ್ಲಿ ಪಾಠ ಹೇಳಿದವರು, ಅವರ ತಾತ ಅರಮನೆ ಕಚೇರಿಯಲ್ಲಿ ಪೇಟ ಸುತ್ತಿಕೊಂಡು ಓಡಾಡಿದವರು. ಅಂಥವರು ಹೆಣ್ಣು ನೋಡೋಕೆ ನಮ್ಮ ಮನೆಗೆ ಬಂದ ದಿನ ನಮ್ಮ ಯಜಮಾನರು ಉಪ್ಪಿಟ್ಟಿನ ತಟ್ಟೆ ಮುಂದಿಡುತ್ತಾ ಹೇಳಿಬಿಟ್ಟರು: "ಯುದ್ಧದ ಟೈಮಲ್ಲಿ ಅಮೆರಿಕನ್ನರ ದೋಣಿ ವಿಮಾನಗಳ ಎಂಜಿನ್ನು ನಾನೇ ನೋಡ್ಕೋತಿದ್ದೆ. ನಾನು ಕೈ ಎತ್ತಿ ತೋರಿಸದೆ ಒಂದು ವಿಮಾನಾನೂ ನೀರಿಗೆ ಇಳೀತಿರಲಿಲ್ಲ."

ಮಗಳು ಹುಟ್ಟೋ ಹೊತ್ತಿಗೆ ಯುದ್ಧ ಮುಗಿದಿತ್ತು. ಅವಳಿಗೂ ಚಿಕ್ಕಂದಿನಿಂದ ಇದೇ ಕಥೆ ಹೇಳಿ ಅನ್ನ ತಿನ್ನಿಸಿದ್ದರು. ಅವಳು ನಂಬಿದ್ದಳು. ಬೀಗರೂ ನಂಬಿದರು. ನಾನೊಬ್ಬಳು ನಂಬಲಿಲ್ಲ, ಯಾಕೆಂದರೆ ಯುದ್ಧದ ಆ ಎರಡು ವರ್ಷ ದಿನಾ ಮಧ್ಯಾಹ್ನ ಮುದ್ದೆ ಊಟ ಹೊತ್ತುಕೊಂಡು ಬೆಳ್ಳಂದೂರು ಕೆರೆ ದಂಡೆಗೆ ಹೋಗುತ್ತಿದ್ದವಳು ನಾನು.

ಅಲ್ಲಿ ನಡೆಯುತ್ತಿದ್ದದ್ದು ಇಷ್ಟು. ಸಮುದ್ರದ ಮೇಲೆ ತಿಂಗಳುಗಟ್ಟಲೆ ಓಡಾಡಿ ಸುಸ್ತಾದ ಈ ವಿಮಾನಗಳು ರಿಪೇರಿಗೆ ಬೆಂಗಳೂರಿಗೆ ಬರುತ್ತಿದ್ದವು. ಕ್ಯಾಟಲೀನಾ ಅಂತ ಹೆಸರು. ವಿಮಾನದ ಕಾರ್ಖಾನೆಯೇನೋ ಅತ್ತಲಾಗಿತ್ತು, ಆದರೆ ಈ ಪುಣ್ಯಾತ್ಮರಿಗೆ ಇಳಿಯೋಕೆ ನೀರು ಬೇಕಲ್ಲ, ಅದಕ್ಕೆ ನಮ್ಮ ಬೆಳ್ಳಂದೂರು ಕೆರೆ. ದಬಾರ್ ಅಂತ ಬಂದು ಬೀಳೋವು. ಎಮ್ಮೆ ತೊಳೆಯೋರು ಎದ್ದುಬಿದ್ದು ದಡ ಹತ್ತೋರು. ಆಮೇಲೆ ಹಗ್ಗ ಕಟ್ಟಿ, ಚಕ್ರ ಸಿಕ್ಕಿಸಿ, ಐವತ್ತು ಆಳು ಸೇರಿ ಮೇಲಕ್ಕೆ ಎಳೆಯೋರು. ಉಪ್ಪುನೀರಲ್ಲಿ ನಿಂತು ನಿಂತು ತಳಕ್ಕೆಲ್ಲಾ ಪಾಚಿ, ಬೆರಳಿನ ಉಗುರಿನಷ್ಟು ಚಿಪ್ಪುಗಳು ಮೆತ್ತಿಕೊಂಡಿರುತ್ತಿದ್ದವು. ತಳ ನುಣ್ಣಗಿರದಿದ್ದರೆ ಅದು ನೀರು ಬಿಟ್ಟು ಮೇಲಕ್ಕೇ ಏಳೋದಿಲ್ಲವಂತೆ. ಆ ಚಿಪ್ಪು ಕೆರೆಯೋಕೆ ಕೂಲಿಯವರು ಬೇಕಿತ್ತು. ನಮ್ಮ ಯಜಮಾನರು ಆ ಕೂಲಿಯವರಲ್ಲಿ ಒಬ್ಬರು. ಕೆಸರಲ್ಲಿ ಅಂಗಾತ ಮಲಗಿ, ಮರದ ಹೆರೆ ಹಿಡಿದು ಕೆರೀತಿದ್ದರು. ಊಟಕ್ಕೆ ಕೂಗಿದರೆ ಪಾಚಿ ಬಣ್ಣದ ಒಂದು ತಲೆ ಹೊರಗೆ ಬರೋದು. ಗಂಡ ಯಾರು ಅಂತ ಹಲ್ಲು ನೋಡಿ ಗುರುತು ಹಿಡಿಯಬೇಕಿತ್ತು.

ಇನ್ನೊಂದು ಕೆಲಸವೂ ಅವರದ್ದಿತ್ತು. ಆ ದೋಣಿಯ ಹೊಟ್ಟೆಯೊಳಗೆ ಸಾಲಾಗಿ ಕೋಣೆಗಳು. ಒಂದಕ್ಕೆ ಗುಂಡು ಬಿದ್ದು ನೀರು ತುಂಬಿದರೂ ಇನ್ನೊಂದಕ್ಕೆ ಹೋಗದಿರಲಿ ಅಂತ. ಪ್ರತಿ ಕೋಣೆಯ ತಳಕ್ಕೂ ಒಂದು ತೂತು, ಅದಕ್ಕೊಂದು ತಿರುಪಿನ ಬಿರಡೆ. ದಡಕ್ಕೆ ಎಳೆದ ಮೇಲೆ ಬಿರಡೆ ಬಿಚ್ಚಿ ಒಳಗಿನ ನೀರು ಬಸಿಯಬೇಕು, ಮತ್ತೆ ನೀರಿಗೆ ಇಳಿಸೋ ಮೊದಲು ಹಾಕಬೇಕು. ಒಂದು ಸಲ ನಾನು ದಂಡೆ ಮೇಲೆ ಕೂತಿದ್ದಾಗ ಬಿರಡೆ ಬಿಚ್ಚಿದರು, ಕೆಂಪು ನೀರು ಬಂತು. ಬಹಳ ಹೊತ್ತು ಬಂತು. ಒಳಗೆ ಯಾರದ್ದೋ ರಕ್ತ ನೀರಿಗೆ ಕಲೆತಿತ್ತು. ಅವತ್ತು ಇವರು ಊಟ ಮಾಡಲಿಲ್ಲ. ಆ ವಿಷಯವನ್ನು ಮಾತ್ರ ಇವರು ಯಾರ ಮುಂದೆಯೂ ಕಥೆ ಮಾಡಲಿಲ್ಲ, ಅಷ್ಟರ ಮಟ್ಟಿಗೆ ಮರ್ಯಾದೆ ಉಳಿಸಿಕೊಂಡಿದ್ದಾರೆ.

ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಸಾಮಾನು ಎತ್ತಿಡೋ ಕೆಲಸ ಸಿಕ್ಕಿತು, ಅದರಲ್ಲೇ ರಿಟೈರಾದರು. ಎಂಜಿನ್ನು ಮುಟ್ಟಿದ್ದಿಲ್ಲ. ನಮ್ಮ ಮನೆಯ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡೋಕೂ ಪಕ್ಕದ ಮನೆಯವರನ್ನೇ ಕರೆಯಬೇಕಿತ್ತು.

ಈ ಸುಳ್ಳು ಬೆಂಗಳೂರಲ್ಲಿ ಯಾರಿಗೂ ತೊಂದರೆ ಕೊಡದೆ ಬಿದ್ದುಕೊಂಡಿತ್ತು. ಅಮೆರಿಕಕ್ಕೆ ಬಂದ ಮೇಲೆ ಅದಕ್ಕೆ ಬಲ ಬಂತು. ಅಳಿಯಂದಿರ ಸ್ನೇಹಿತರೆಲ್ಲಾ ಬೆಂಗಳೂರು, ಮೈಸೂರಿನವರು. ಬೇಸ್‌ಮೆಂಟಿನಲ್ಲಿ ಜಮಖಾನ ಹಾಸಿ ಕೂತರೆ ಒಬ್ಬೊಬ್ಬರೂ ತಂತಮ್ಮ ಅಪ್ಪಂದಿರ ಡಿಗ್ರಿ ಹೇಳೋರು. ಆಗ ಅಳಿಯಂದಿರು ನಮ್ಮ ಯಜಮಾನರ ಭುಜದ ಮೇಲೆ ಕೈ ಇಟ್ಟು, "ನಮ್ಮ ಮಾವಂದೂ ಎಂಜಿನ್ ಲೈನೇ. ವಾರ್ ಟೈಮಲ್ಲಿ ಅಮೆರಿಕನ್ಸ್ ಜೊತೆ ಕೆಲಸ ಮಾಡಿದೋರು" ಅನ್ನೋರು. ಇವರು ಎದೆ ಉಬ್ಬಿಸಿ ಕೂರೋರು. ಊರಲ್ಲಿದ್ದಾಗ ಬೀಗರ ಮುಂದೆ ಕುರ್ಚಿ ತುದಿಯಲ್ಲಿ ಕೂರುತ್ತಿದ್ದ ಮನುಷ್ಯ ಇಲ್ಲಿ ಸೋಫಾಕ್ಕೆ ಒರಗಿ ಕಾಲು ನೀಡಿಕೊಳ್ಳೋದನ್ನು ಕಲಿತಿದ್ದರು.

ಅಳಿಯಂದಿರ ಆಫೀಸಿನಲ್ಲಿ ಒಬ್ಬ ಅಮೆರಿಕನ್. ಅವನ ಮಾವ ಮತ್ತು ಅವನಂಥ ಇನ್ನಷ್ಟು ಮುದುಕರು ಸೇರಿ, ಹತ್ತಿರದ ಊರು ವಿಕ್ಸಮ್‌ನ ಒಂದು ಶೆಡ್ಡಿನಲ್ಲಿ ಹಳೇ ದೋಣಿ ವಿಮಾನವೊಂದನ್ನು ರಿಪೇರಿ ಮಾಡುತ್ತಿದ್ದರು. ಎಲ್ಲರೂ ಯುದ್ಧದಲ್ಲಿ ಅದರಲ್ಲಿ ಹಾರಿದವರು. ಚಿಕಾಗೋ ಆಚೆ ಯಾರದ್ದೋ ಹಿತ್ತಲಲ್ಲಿ ಹಕ್ಕಿ ಗೂಡು ಕಟ್ಟಿಕೊಂಡು ಬಿದ್ದಿದ್ದ ಅದನ್ನು ತುಂಡು ತುಂಡು ಮಾಡಿ ಟ್ರಕ್ಕಿನ ಮೇಲೆ ತಂದಿದ್ದರಂತೆ. ಅಳಿಯಂದಿರು ಸುಮ್ಮನಿರಬೇಕೋ ಬೇಡವೋ? "ನಮ್ಮ ಮಾವ ಅದರಲ್ಲಿ ಎಕ್ಸ್‌ಪರ್ಟು" ಅಂದುಬಿಟ್ಟರು. ಮುದುಕರು ಕರೆ ಕಳಿಸಿದರು.

ಅವತ್ತು ನಾನು ಅಡುಗೆಮನೆಯಲ್ಲಿ ಹೇಳಿದೆ. "ರೀ, ಮೈ ಸರಿ ಇಲ್ಲ ಅಂತ ಹೇಳಿ ಮಲಗಿಬಿಡಿ."

"ಯಾಕೆ ಮಲಗ್ಲಿ?"

"ಎಂಜಿನ್ ಬಿಚ್ಚು ಅಂದ್ರೆ ಏನ್ ಮಾಡ್ತೀರಿ? ಪಾಚಿ ಕೆರೀತೀರಾ?"

ಮುಖ ಸುಟ್ಟ ಬದನೆಕಾಯಿ ಆಯಿತು. ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು. "ನೋಡು, ಅಳಿಯಂದಿರ ಮುಂದೆ ನನಗಿರೋದು ಇದೊಂದೇ ಮರ್ಯಾದೆ. ಇದೂ ಹೋದ್ರೆ ನಾನು ಈ ಮನೇಲಿ ಮಗು ಎತ್ಕೊಳ್ಳೋ ಆಳು ಅಷ್ಟೇ. ನೀನು ಬಾಯಿ ಬಿಟ್ಟೆ ಅಂದ್ರೆ ಮುಂದಿನ ವಿಮಾನಕ್ಕೆ ಊರಿಗೆ ಹೊರಟೆ."

"ಅದಾದ್ರೂ ನೆಟ್ಟಗೆ ಹಾರೋ ವಿಮಾನ ಆಗಿರ್ಲಿ" ಅಂದೆ. ಆದರೆ ಬಾಯಿ ಬಿಡಲಿಲ್ಲ.

ಶೆಡ್ಡಿಗೆ ನಾನೂ ಹೋದೆ, ಮೊಮ್ಮಗಳನ್ನು ಎತ್ತಿಕೊಂಡು. ಮುದುಕರಿಗೆಲ್ಲಾ ಹಿರಿಯ ಒಬ್ಬ ಬಿಳಿ ಮೀಸೆಯವನು. ಯುದ್ಧದಲ್ಲಿ ಪೈಲಟ್ ಆಗಿದ್ದನಂತೆ. ಇವರನ್ನು ಕಂಡದ್ದೇ "ಚೀಫ್" ಅಂತ ಕೈ ಕುಲುಕಿದ. ಆಮೇಲೆ ಗೋಡೆಗೆ ಚಿತ್ರ ಬಿಟ್ಟು ಒಂದು ಗಂಟೆ ಕೊರೆದ. ಅಳಿಯಂದಿರು ಪಕ್ಕದಲ್ಲಿ ಕೂತು ಕನ್ನಡ ಮಾಡಿ ಹೇಳಿದರು. ಮೊದಲು ಬರೀ ವಿಮಾನದ ಅಡಿಗೆ ದೋಣಿ ಕಟ್ಟಿ ನೋಡಿದರಂತೆ. ಅದು ಅಲೆಗೆ ಮುರಿಯಿತು. ಆಮೇಲೆ ವಿಮಾನದ ಹೊಟ್ಟೆಯನ್ನೇ ದೋಣಿ ಮಾಡಿದರಂತೆ. ಅದು ನೀರಿಗೆ ಅಂಟಿಕೊಂಡು ಏಳಲೇ ಇಲ್ಲ. ಅದಕ್ಕೆ ತಳದಲ್ಲಿ ಒಂದು ಮೆಟ್ಟಿಲು ಕಡಿದರಂತೆ, ಆಗ ಎದ್ದಿತು. ಕೊನೆಗೆ ನೆಲದ ಮೇಲೂ ಇಳಿಯಲಿ ಅಂತ ಚಕ್ರವನ್ನೂ ಹೊಟ್ಟೆಯೊಳಗೆ ಮಡಚಿಟ್ಟರಂತೆ. ಅಷ್ಟೆಲ್ಲಾ ಮಾಡಿದರೂ, ಯುದ್ಧ ಮುಗಿಯೋ ಹೊತ್ತಿಗೆ ಲೋಕದ ತುಂಬಾ ಸಿಮೆಂಟಿನ ರನ್‌ವೇ ಆಗಿತ್ತು, ಇದು ಯಾರಿಗೂ ಬೇಡವಾಯಿತು.

"ಮೊದಲೇ ಸಿಮೆಂಟು ಹಾಕ್ಬಾರದಿತ್ತಾ?" ಅಂದೆ.

"ಅತ್ತೆ, ಸಮುದ್ರಕ್ಕೆ ಸಿಮೆಂಟ್ ಹಾಕೋಕಾಗುತ್ತಾ?" ಅಂತ ಅಳಿಯಂದಿರು ನಕ್ಕರು.

ಬಿಳಿ ಮೀಸೆ ಇನ್ನೂ ಹೇಳುತ್ತಿದ್ದ. ಹದಿನೈದು ಹದಿನಾರು ಗಂಟೆ ಒಂದೇ ಸಮ ನೀರು ನೋಡಿಕೊಂಡು ಹಾರೋದು, ಜಪಾನಿನವರ ಹಡಗು ಕಂಡರೆ ಬಾಂಬು ಹಾಕೋದು, ಸಮುದ್ರಕ್ಕೆ ಬಿದ್ದ ತಮ್ಮವರು ಕಂಡರೆ ಇಳಿದು ಎತ್ತಿಕೊಳ್ಳೋದು. ಒಂದು ಸಲ ಎಷ್ಟು ಜನರನ್ನು ತುಂಬಿಕೊಂಡರೆಂದರೆ ಏಳೋಕಾಗದೆ ರಾತ್ರಿಯಿಡೀ ನೀರ ಮೇಲೇ ದೋಣಿ ಥರ ಕೂತಿದ್ದರಂತೆ. ಇದನ್ನು ಹೇಳಿ ಅವನು ಮೀಸೆ ಒರೆಸಿಕೊಂಡ. ಮುದುಕರ ಕರ್ಚೀಫುಗಳು ಹೊರಗೆ ಬಂದವು. ನಮ್ಮವರೂ ತೆಗೆದರು. ನನಗೆ ಇವರ ಕರ್ಚೀಫು ಕಂಡು ಮೈಯೆಲ್ಲಾ ಉರಿಯಿತು.

ಆಮೇಲೆ ಎಂಜಿನ್ ತೋರಿಸಿದರು. ಇವರು ಕೋಟಿನ ಗುಂಡಿ ಹಾಕಿಕೊಂಡು, ಅದರ ಸುತ್ತ ಎರಡು ಸುತ್ತು ಬಂದರು. ಬೆರಳಲ್ಲಿ ಕುಟ್ಟಿದರು. ಕಿವಿ ಇಟ್ಟರು. ನಿಂತುಹೋದ ಎಂಜಿನ್ನಿಗೆ ಕಿವಿ ಇಟ್ಟು ಏನು ಕೇಳಿಸಿಕೊಂಡರೋ ದೇವರೇ ಬಲ್ಲ. "ಪರವಾಗಿಲ್ಲ. ಆದ್ರೆ ಸೌಂಡ್ ಬಂದ ಮೇಲೇ ಹೇಳ್ಬೇಕು" ಅಂದರು. ಅಳಿಯಂದಿರು ಇಂಗ್ಲಿಷಿನಲ್ಲಿ ಹೇಳಿದರು. ಮುದುಕರೆಲ್ಲಾ ಭಾರಿ ವಿಷಯ ತಿಳಿದವರ ಹಾಗೆ ಹೂಂಗುಟ್ಟಿದರು. ತಳ ನೋಡ್ತೀರಾ ಅಂತ ಒಬ್ಬ ಕೇಳಿದ.

"ಅದೆಲ್ಲಾ ನಮ್ಮಲ್ಲಿ ಕೂಲಿಗಳ ಕೆಲಸ" ಅಂದರು ನಮ್ಮ ಯಜಮಾನರು. "ನಾನು ಅದರ ಕೆಳಗೆ ಬಗ್ಗಿದೋನೇ ಅಲ್ಲ."

ನಾನು ಮೊಮ್ಮಗಳ ಮೂಗು ಒರೆಸೋ ನೆಪದಲ್ಲಿ ತಿರುಗಿಕೊಂಡೆ.

ಎರಡು ವಾರ ಕಳೆದ ಮೇಲೆ, ಸೆಪ್ಟೆಂಬರಿನ ಒಂದು ಭಾನುವಾರ, ಅದನ್ನು ಹತ್ತಿರದ ಕೆರೆಗೆ ತಂದರು. ರೆಕ್ಕೆ, ಎಂಜಿನ್ ಎಲ್ಲಾ ಶೆಡ್ಡಿನಲ್ಲೇ. ಬರೀ ಹೊಟ್ಟೆಯ ಭಾಗ, ಉದ್ದನೆಯ ಟ್ರೇಲರಿನ ಮೇಲೆ. ಸೋರುತ್ತದೋ ಇಲ್ಲವೋ ಅಂತ ತೇಲಿಸಿ, ಮೋಟಾರ್ ಬೋಟಿಗೆ ಕಟ್ಟಿ, ಕೆರೆ ನಡುವಿನ ತನಕ ಎಳೆದುಕೊಂಡು ಹೋಗಿ ನೋಡೋದು ಅವರ ಲೆಕ್ಕಾಚಾರ. ಭಾರಕ್ಕೆ ಇರಲಿ ಅಂತ ನಾಲ್ಕು ಮುದುಕರು ಹತ್ತಿ ಕೂತರು. ಅಳಿಯಂದಿರು ಮೊಮ್ಮಗಳನ್ನೂ ಎತ್ತಿಕೊಂಡು ಹತ್ತಿದರು, ಫೋಟೋಕ್ಕೆ. ಮಗಳಿಗೆ ಅವತ್ತು ಆಸ್ಪತ್ರೆ ಡ್ಯೂಟಿ. ಇದ್ದಿದ್ದರೆ ಮಗುವನ್ನು ಹತ್ತಿಸೋಕೆ ಬಿಡುತ್ತಿರಲಿಲ್ಲ.

ಬಿಳಿ ಮೀಸೆ ನಮ್ಮವರನ್ನು ಮುಂದೆ ನಿಲ್ಲಿಸಿದ. ಬೆಂಗಳೂರಲ್ಲಿ ಚೀಫ್ ಕೈ ಎತ್ತದೆ ಒಂದೂ ನೀರಿಗೆ ಇಳಿಯುತ್ತಿರಲಿಲ್ಲವಂತೆ, ಇಲ್ಲೂ ಹಾಗೇ ಆಗಲಿ ಅಂತ ಎಲ್ಲರಿಗೂ ಕೂಗಿ ಹೇಳಿದ. ಇವರು ಮಗಳ ಮದುವೆಗೆ ಹೊಲಿಸಿದ್ದ ಕಂದು ಸೂಟು ಹಾಕಿ, ಟೈ ಕಟ್ಟಿ, ಮದುವೆ ಗಂಡಿನ ಹಾಗೆ ನಿಂತಿದ್ದರು.

ನಾನು ಹತ್ತಿರ ಹೋದೆ. "ಬಿರಡೆ ನೋಡಿದ್ರಾ?"

"ಅವರು ಹಾಕಿರ್ತಾರೆ. ಅವರೇನು ಎಳೇ ಮಕ್ಕಳಾ?"

ಹಿಂದಿನ ವಾರ ಇನ್ನೊಂದು ಸಲ ಶೆಡ್ಡಿಗೆ ಹೋಗಿದ್ದಾಗ ಅವರು ಪೈಪು ಹಿಡಿದು ಒಳಗೆಲ್ಲಾ ತೊಳೆದದ್ದನ್ನು, ಆ ನೀರು ಬಿರಡೆ ಬಿಚ್ಚಿ ಹೊರಗೆ ಬಿಟ್ಟದ್ದನ್ನು ನಾನೂ ನೋಡಿದ್ದೆ, ಇವರೂ ನೋಡಿದ್ದರು. ನನಗೆ ಬರೋ ಇಂಗ್ಲಿಷಿನಲ್ಲಿ ಬಿಳಿ ಮೀಸೆಗೆ "ಪ್ಲಗ್? ಪ್ಲಗ್?" ಅಂದೆ. ಅವನು ಟೋಪಿ ಹಾಕಿದ್ದ ಇನ್ನೊಬ್ಬ ಮುದುಕನ ಕಡೆ ಕೈ ತೋರಿಸಿದ. ಟೋಪಿಯವನು ಟ್ರೇಲರು ಎಳೆಯೋ ಟ್ರಕ್ಕಿನವನ ಕಡೆ ತೋರಿಸಿದ. ಟ್ರಕ್ಕಿನವನು ನಗುತ್ತಾ ಬಿಳಿ ಮೀಸೆಯ ಕಡೆಗೇ ತೋರಿಸಿದ. ಎಲ್ಲರೂ ಯುದ್ಧ ಗೆದ್ದವರು. ಬಾಂಬು ಹಾಕೋಕೆ, ಹಾರಿಸೋಕೆ, ದಿಕ್ಕು ನೋಡೋಕೆ ಒಬ್ಬೊಬ್ಬರಿದ್ದರು. ತಳಕ್ಕೆ ಬಿರಡೆ ಹಾಕಿದವನು ಮಾತ್ರ ಅವರಲ್ಲಿ ಒಬ್ಬನೂ ಇಲ್ಲ. ಯುದ್ಧದ ಕಾಲದಲ್ಲಿ ಅದನ್ನು ಇನ್ಯಾರೋ ಹಾಕಿಡುತ್ತಿದ್ದರು, ಈ ಮುದುಕರು ಹತ್ತಿ ಕೂರುತ್ತಿದ್ದರು.

"ರೀ, ಮಲಗಿ ನೋಡಿ" ಅಂದೆ.

"ಸೂಟಲ್ಲಿ? ಈ ಕೆಸರಲ್ಲಿ? ಅಳಿಯಂದಿರು ಮೇಲಿಂದ ನೋಡ್ತಾವ್ರೆ ಕಣೇ."

"ಮಗು ಒಳಗೆ ಕೂತದೆ."

"ಕೂಲಿಗಳ ಕೆಲಸ ಅಂತ ಇವರ ಮುಂದೆ ಹೇಳಿಬಿಟ್ಟಿದ್ದೀನಿ." ಟ್ರಕ್ಕಿನವನು ಎಂಜಿನ್ ಶುರು ಮಾಡಿದ. ಎಲ್ಲರೂ ಇವರ ಕೈ ನೋಡುತ್ತಿದ್ದರು. ಇವರ ಕೈ ಸೊಂಟದ ತನಕ ಎದ್ದಿತ್ತು.

ನಾನು ಸೆರಗು ಸಿಕ್ಕಿಸಿಕೊಂಡು ಟ್ರೇಲರಿನ ಕೆಳಗೆ ನುಗ್ಗಿದೆ. ಆಗ ನನಗೆ ಐವತ್ತು ದಾಟಿತ್ತು, ಮಂಡಿ ನೋವು ಬೇರೆ. ಅಮೆರಿಕನ್ನರು ಹೋ ಅಂತ ಕೂಗಿದರು. ಟ್ರಕ್ಕು ನಿಂತಿತು. ತಳದ ಉದ್ದಕ್ಕೂ ಬೆರಳು ಆಡಿಸಿಕೊಂಡು ಹೋದೆ. ಮುಂದಿನವು ಇದ್ದವು. ಹಿಂದೆ, ಟ್ರೇಲರಿನ ಕಬ್ಬಿಣದ ಮರೆಯಲ್ಲಿ, ಎರಡು ತೂತು ಬಾಯಿ ತೆರೆದುಕೊಂಡಿದ್ದವು. ಹೆಬ್ಬೆರಳು ಸಲೀಸಾಗಿ ಒಳಗೆ ಹೋಯಿತು.

"ಎರಡು ಇಲ್ಲ!" ಅಂತ ಕೂಗಿದೆ. "ಬಂದು ನೋಡ್ರೀ, ಎಂಜಿನ್ ಸಾಹೇಬ್ರೇ!"

ನನ್ನ ಪಕ್ಕದಲ್ಲಿ ಕಂದು ಸೂಟು ಕೆಸರಿಗೆ ಬಿತ್ತು. ಅಂಗಾತ ಜಾರಿಕೊಂಡು ಬಂದರು, ಮೂವತ್ತು ವರ್ಷದ ಹಿಂದೆ ಬರುತ್ತಿದ್ದ ಹಾಗೇ, ಭುಜ ಮೊದಲು, ಸೊಂಟ ಆಮೇಲೆ. "ನೀನು ಅತ್ಲಾಗೆ ಸರಕೋ" ಅಂದರು. ಬಿರಡೆ ಎಲ್ಲಿ ಅಂತ ಹುಡುಕಿದರೆ ಟೋಪಿಯವನ ಪ್ಯಾಂಟಿನ ಜೇಬಿನಲ್ಲಿ ಚಾಕ್‌ಲೇಟಿನ ಜೊತೆ ಸಿಕ್ಕವು. ಇವರು ಕೈ ಹೊರಗೆ ಚಾಚಿ ಇಸಕೊಂಡರು. ಟೈ ಬಿಚ್ಚಿ, ಅದರಲ್ಲೇ ತೂತಿನ ತಿರುಪು ಒರೆಸಿದರು. ಕಣ್ಣು ಎತ್ತಲೋ ಇತ್ತು, ಬೆರಳೇ ನೋಡುತ್ತಿತ್ತು. ಒಂದು ಸುತ್ತು ಹಿಂದಕ್ಕೆ ತಿರುಗಿಸಿ, ತಿರುಪು ಕೂತ ಮೇಲೆ ಮುಂದಕ್ಕೆ. ಗ್ರೀಸು ಅಂದರು, ಸ್ಪ್ಯಾನರು ಅಂದರು. ಬಿಗಿ ಮಾಡಿ ಗೆಣ್ಣಿನಿಂದ ಕುಟ್ಟಿದರು. ಅಷ್ಟಕ್ಕೆ ಬಿಡಲಿಲ್ಲ. ಮುಂದಿನವನ್ನೂ ಒಂದೊಂದಾಗಿ ಮುಟ್ಟಿ, ಒಂದನ್ನು ಬಿಚ್ಚಿ ಮತ್ತೆ ಹಾಕಿದರು. ಒಂದು ಮಾತು ಒಪ್ಪಬೇಕು, ಆ ಕೆಲಸದಲ್ಲಿ ಅವರನ್ನು ಮೀರಿಸೋರಿಲ್ಲ. ಮದುವೆಯಾದ ಮೇಲೆ ನಾನು ಅವರ ಬಗ್ಗೆ ಒಪ್ಪಿದ ಕೆಲವೇ ಮಾತುಗಳಲ್ಲಿ ಅದೊಂದು.

ತಲೆ ಎತ್ತಿದರೆ ಅಳಿಯಂದಿರು ಕೆಳಗೆ ಇಳಿದು, ಮಂಡಿ ಊರಿ, ಟ್ರೇಲರಿನ ಸಂದಿಯಿಂದ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಎಂಜಿನಿಯರು ತಾನೇ, ಕೈ ನೋಡಿದರೆ ಕೆಲಸ ಗೊತ್ತಾಗುತ್ತದೆ. ಮೊಮ್ಮಗಳನ್ನು ಇಳಿಸಿ ನನ್ನ ಕೈಗೆ ಕೊಟ್ಟರು.

ಯಜಮಾನರು ಎದ್ದು ಕೈ ಎತ್ತಿದರು. ಕೆಸರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಆ ವಸ್ತು ನೀರಿಗೆ ಇಳಿಯಿತು, ಒಂದು ಕಡೆ ವಾಲಿಕೊಂಡು ತೇಲಿತು. ಮುದುಕರು ಮತ್ತೆ ಅತ್ತರು. ಬಿಳಿ ಮೀಸೆ ಬಂದು ಇವರನ್ನು ತಬ್ಬಿಕೊಂಡು ತನ್ನ ಬಿಳಿ ಅಂಗಿ ಹಾಳು ಮಾಡಿಕೊಂಡ.

ವಾಪಸ್ ಬರುವಾಗ ಕಾರಿನ ಸೀಟಿಗೆ ಪ್ಲಾಸ್ಟಿಕ್ ಹಾಸಿ ಇವರನ್ನು ಕೂರಿಸಿದ್ದರು.

"ಮಾವ," ಅಂದರು ಅಳಿಯಂದಿರು, "ನೀವು ಎಂಜಿನ್ ಕೆಲಸ ಮಾಡಿಲ್ಲ, ಅಲ್ವಾ?"

"ಇಲ್ಲಪ್ಪ. ತಳ ಕೆರೀತಿದ್ದೆ. ಪಾಚಿ, ಚಿಪ್ಪು. ಬಿರಡೆ ಹಾಕ್ತಿದ್ದೆ. ಎರಡು ವರ್ಷ."

ಅಳಿಯಂದಿರು ನಮ್ಮ ಮನೆ ಕಡೆ ತಿರುಗೋ ಎಕ್ಸಿಟ್ ಬಿಟ್ಟು ಮುಂದೆ ಹೋಗಿಬಿಟ್ಟರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಸುಳ್ಳು ಹೇಳಿ ಹೆಣ್ಣು ಕೊಟ್ಟಿರಿ ಅಂತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ನಮ್ಮ ತಂದೆಗೆ ಗೊತ್ತಾ?"

"ಇಲ್ಲ."

"ಹೇಳ್ಬೇಡಿ. ಇಲ್ಲಿ ಯಾರಿಗೂ ಹೇಳ್ಬೇಡಿ, ಪ್ಲೀಸ್."

ಹಿಂದಿನ ಸೀಟಿನಿಂದ ಮೊಮ್ಮಗಳು ಇಂಗ್ಲಿಷಿನಲ್ಲಿ, ತಾತ ಮತ್ತೆ ಯಾವಾಗ ಕೆಸರಲ್ಲಿ ಮಲಗ್ತಾರೆ ಅಂತ ಕೇಳಿದಳು.

ಆ ವರ್ಷ ದೀಪಾವಳಿಗೆ ನಮ್ಮ ಬೇಸ್‌ಮೆಂಟಿನಲ್ಲೇ ಎಲ್ಲರ ಊಟ. ಚಿಕಾಗೋ, ಅರೋರಾ ಕಡೆಯಿಂದಲೂ ಎರಡು ಸಂಸಾರ ಡ್ರೈವ್ ಮಾಡಿಕೊಂಡು ಬಂದಿದ್ದವು. ಅರೋರಾದಿಂದ ಬಂದ ಡಾಕ್ಟರು ಹೊಸಬರು. "ಅಂಕಲ್, ನೀವು ಇಂಡಿಯಾದಲ್ಲಿ ಏನ್ ಮಾಡ್ತಿದ್ರಿ?" ಅಂತ ಕೇಳಿದರು. ಇವರು ಬಾಯಿ ತೆರೆಯೋದರೊಳಗೆ ಅಳಿಯಂದಿರ ಕೈ ಇವರ ಭುಜಕ್ಕೆ ಬಂತು. "ನಮ್ಮ ಮಾವ ವಾರ್ ಟೈಮಲ್ಲಿ ಅಮೆರಿಕನ್ಸ್ ಜೊತೆ ಎಂಜಿನ್..." ಎಲ್ಲಾ ಗೊತ್ತಿದ್ದೂ, ಒಂದಕ್ಷರ ತಪ್ಪದೆ, ಮೊದಲಿನ ಹಾಗೇ ಒಪ್ಪಿಸಿದರು. ಇವರ ಸುಳ್ಳು ಬಡವನ ಮರ್ಯಾದೆಗೆ ಹೇಳಿದ್ದು ಅನ್ನಬಹುದಿತ್ತೇನೋ. ಅವರದ್ದಕ್ಕೆ ಏನನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇವರು ಕೈಲಿದ್ದ ತಟ್ಟೆ ಕೆಳಗಿಟ್ಟರು. "ಇಲ್ಲಪ್ಪ, ನಾನು ತಳ ಕೆರೀತಿದ್ದೆ. ಕೂಲಿ ಕೆಲಸ" ಅಂದರು.

ಅರೋರಾದ ಡಾಕ್ಟರು ತೊಡೆ ತಟ್ಟಿಕೊಂಡು ನಕ್ಕರು. "ಎಷ್ಟು ಸಿಂಪಲ್ ರೀ ನಿಮ್ಮ ಮಾವ! ನಿಜವಾಗ್ಲೂ ಕೆಲಸ ಮಾಡಿದೋರು ಹೀಗೇ, ಹೇಳ್ಕೊಳ್ಳೋದೇ ಇಲ್ಲ."

"ನಿಜಾನೇ ಹೇಳ್ತಾವ್ರೆ" ಅಂದೆ ನಾನು. "ಊಟ ಹೊತ್ಕೊಂಡು ಹೋಗ್ತಿದ್ದೋಳು ನಾನು. ಮೈಯೆಲ್ಲಾ ಪಾಚಿ."

"ಆಂಟೀದು ಇನ್ನೂ ಜೋಕು!" ಅಂತ ಹೆಂಗಸರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಳಿಯಂದಿರು.

ಯಜಮಾನರು ಇನ್ನೊಂದು ಸಲ ಹೇಳಿದರು, ಸ್ವಲ್ಪ ಗಟ್ಟಿಯಾಗಿ. ಅಷ್ಟು ಹೊತ್ತಿಗೆ ಮಾತು ಈ ವರ್ಷ ಕಾರಿಗೆ ಸ್ನೋ ಟೈರು ಯಾವಾಗ ಹಾಕಿಸೋದು ಅನ್ನೋದಕ್ಕೆ ಹೋಗಿತ್ತು.